11 ವರ್ಷ ಕದಲದೆ ನಿಂತ ಮೋಟಾರ್‌ಸೈಕಲ್: ತೊಳೆಯುವುದು ಮೊದಲೋ, ಬಿಚ್ಚುವುದು ಮೊದಲೋ?

ಹಳೆಗಾಲಿ:

ನನ್ನ ಸೋದರಮಾವನವರು ಓಡಿಸುತ್ತಿದ್ದ ಮೋಟಾರ್‌ಸೈಕಲ್ 11 ವರ್ಷಗಳಿಂದ ಶೆಡ್ಡಿನ ಮೂಲೆಯಲ್ಲಿ ನಿಂತಿದೆ. ಓಡುವಂತೆ ಮಾಡಿಕೊಂಡರೆ ನೀನೇ ಇಟ್ಟುಕೋ ಎಂದು ಅವರು ಹೇಳಿದ್ದಾರೆ. ಅದರದು ಗಾಳಿಯಿಂದ ತಣಿಯುವ ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನು. ಕಿಕ್ ಸ್ಟಾರ್ಟು, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಲೋಹದ ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ವ್ಯವಸ್ಥೆ), 12 ವೋಲ್ಟಿನ ಬ್ಯಾಟರಿ, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು ಇವೆ. ಎರಡೂ ಟಯರುಗಳು ಗಾಳಿಯಿಲ್ಲದೆ ನೆಲಕ್ಕೆ ಕುಸಿದಿವೆ. ಕಿಕ್ಕರ್ ಅರ್ಧ ಅಂಗುಲ ಇಳಿದು ಗಟ್ಟಿಯಾಗಿ ನಿಂತುಬಿಡುತ್ತದೆ. ಟ್ಯಾಂಕಿನ ಮುಚ್ಚಳ ತೆರೆದರೆ ಪೆಟ್ರೋಲಿನ ಬದಲು ಹಳೆಯ ವಾರ್ನಿಷ್ ವಾಸನೆ ಬರುತ್ತದೆ. ಎಂಜಿನ್ನಿನ ಎಡಬದಿಯಲ್ಲಿ ಎಣ್ಣೆ, ಧೂಳು ಎರಡೂ ಕಲೆತು ಬೆರಳುದಪ್ಪದ ಕರಿಯ ಜಿಡ್ಡು ಕಟ್ಟಿದೆ.

ಸ್ಪ್ಯಾನರ್ ಹಿಡಿಯಲು ನನಗೆ ಬರುತ್ತದೆ, ಆದರೆ ಇಷ್ಟು ವರ್ಷ ನಿಂತ ಗಾಡಿಯ ಕೆಲಸವನ್ನು ಎಂದೂ ಮಾಡಿಲ್ಲ. ಈ ಭಾನುವಾರ ಅದನ್ನು ಹೊರಗೆ ತಂದು, ಒತ್ತಡದ ನೀರಿನಿಂದ ಚೆನ್ನಾಗಿ ತೊಳೆದು, ಹೊಸ ಪೆಟ್ರೋಲು ತುಂಬಿ, ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿ ನೋಡಬೇಕೆಂದುಕೊಂಡಿದ್ದೇನೆ. ಈ ಕ್ರಮ ಸರಿಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕೀಲೆಣ್ಣೆ:

ದಯವಿಟ್ಟು ತೊಳೆಯಬೇಡಿ, ತಳ್ಳಲೂ ಬೇಡಿ. ಆ ಕೊಳೆ ಈಗ ನಿಮ್ಮ ಕೈಯಲ್ಲಿರುವ ಒಂದೇ ದಾಖಲೆ. ಓದುವ ಮೊದಲೇ ಅದನ್ನು ಅಳಿಸಿಬಿಟ್ಟರೆ ಗಾಡಿಗೆ ಏನಾಗಿತ್ತು ಎಂಬುದನ್ನು ಊಹೆಯ ಮೇಲೆ ಹುಡುಕಬೇಕಾಗುತ್ತದೆ. ಒಂದು ಟಾರ್ಚು, ಒಂದು ನೋಟ್‌ಬುಕ್ಕು ಹಿಡಿದು ಗಾಡಿಯ ಸುತ್ತ ಕುಳಿತು ನೋಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ. ಆದ್ದರಿಂದ ಸೋರಿಕೆಯ ಮೂಲವನ್ನು ಜಿಡ್ಡು ದಪ್ಪವಾಗಿರುವ ಕಡೆಯಲ್ಲಿ ಹುಡುಕದೆ, ಅದರ ಅತಿ ಮೇಲಿನ ಮತ್ತು ಅತಿ ಮುಂದಿನ ಅಂಚಿನಲ್ಲಿ ಹುಡುಕಬೇಕು. ಬೋಲ್ಟೊಂದರ ಸುತ್ತ ನಯವಾದ ಕೆಂಪು ಪುಡಿ ಕಂಡರೆ, ಅಲ್ಲಿ ಸಡಿಲವಾದ ಎರಡು ಲೋಹಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು ಎಂದು ತಿಳಿಯಬೇಕು. ಬ್ಯಾಟರಿಯ ಕೆಳಗೆ ಬಣ್ಣ ಎದ್ದು ತುಕ್ಕು ಹಿಡಿದಿದ್ದರೆ ಆ್ಯಸಿಡ್ ಚೆಲ್ಲಿದೆ. ಎಲ್ಲದರ ಫೋಟೋ ತೆಗೆಯಿರಿ. ಕೇಬಲ್ಲುಗಳು ಹ್ಯಾಂಡಲಿನ ಯಾವ ಪಕ್ಕದಿಂದ ಇಳಿಯುತ್ತವೆ, ಯಾವ ವಾಷರ್ ಯಾವ ಕಡೆಗಿದೆ ಎಂಬುದೂ ಫೋಟೋದಲ್ಲಿ ಇರಲಿ.

ಒತ್ತಡದ ನೀರಿನ ವಿಷಯದಲ್ಲಿ ನನ್ನ ಆಕ್ಷೇಪಣೆ ಬೇರೆಯೂ ಇದೆ. ಅದು ಚಕ್ರದ ಬೇರಿಂಗುಗಳ ಮತ್ತು ಹ್ಯಾಂಡಲ್ ಬೇರಿಂಗುಗಳ ಸೀಲುಗಳನ್ನು ದಾಟಿ ಒಳಗೆ ನುಗ್ಗಿ, ಉಳಿದಿರುವ ಅಲ್ಪಸ್ವಲ್ಪ ಗ್ರೀಸನ್ನೂ ಕೊಚ್ಚಿಹಾಕಿ, ಅಲ್ಲಿಯೇ ನೀರನ್ನು ಬಿಟ್ಟು ಬರುತ್ತದೆ.

ಕಿಕ್ಕರ್ ಮೇಲೆ ಎದ್ದು ನಿಂತು ಒತ್ತುವುದಾಗಲೀ, ಗೇರಿಗೆ ಹಾಕಿ ತಳ್ಳುವುದಾಗಲೀ ಕೂಡದು. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ ರಿಂಗುಗಳು ಅಂಟಿಕೊಂಡಿದ್ದರೆ, ಬಲಪ್ರಯೋಗದಿಂದ ರಿಂಗು ಮುರಿಯುತ್ತದೆ, ಗೋಡೆಯ ಮೇಲೆ ಗೀರು ಬೀಳುತ್ತದೆ, ಇಲ್ಲವೇ ಕಿಕ್ ಶಾಫ್ಟಿನ ಹಲ್ಲು ಹೋಗುತ್ತದೆ. ಎಣ್ಣೆ ಹಾಕಿ ಕಾದರೆ ಬಿಡುವ ವಸ್ತುವನ್ನು ಒಡೆದು ಬಿಡಿಸುವುದು ಬೇಡ.

ಇನ್ನೊಂದು ಮಾತು. ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಯಾರೂ ಸುಮ್ಮನೆ ಮೂಲೆಗೆ ತಳ್ಳುವುದಿಲ್ಲ. ಅದನ್ನು ಏಕೆ ನಿಲ್ಲಿಸಿದಿರಿ ಎಂದು ನಿಮ್ಮ ಮಾವನವರನ್ನು ಕುಳಿತು ಕೇಳಿ. ಅವರು ಹೇಳಿದ್ದನ್ನು, ನಿಮಗೆ ಮುಖ್ಯವಲ್ಲವೆಂದು ತೋರಿದ್ದನ್ನೂ ಸೇರಿಸಿ, ಇಲ್ಲಿ ಬರೆಯಿರಿ.

ತಾಮ್ರತಂತಿ:

ಕೀಲೆಣ್ಣೆಯವರು ಹೇಳಿದ್ದಕ್ಕೆ ವಿದ್ಯುತ್ತಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹಳೆಯ ಬ್ಯಾಟರಿಯನ್ನು ಮೊದಲೇ ಹೊರತೆಗೆಯಿರಿ, ಬಿಚ್ಚುವಾಗ ನೆಗೆಟಿವ್ ತಂತಿ ಮೊದಲು. 11 ವರ್ಷ ಚಾರ್ಜಿಲ್ಲದೆ ನಿಂತ ಲೆಡ್ ಆ್ಯಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಎಬ್ಬಿಸುವ ಪ್ರಯತ್ನದಲ್ಲಿ ಸಮಯ ಕಳೆಯಬೇಡಿ. ಹೊಸ ಬ್ಯಾಟರಿಯನ್ನು ಮಾತ್ರ ತಂತಿಗಳನ್ನೆಲ್ಲ ಪರೀಕ್ಷಿಸುವವರೆಗೆ ಜೋಡಿಸಬೇಡಿ. ಶೆಡ್ಡಿನಲ್ಲಿ ನಿಂತ ಗಾಡಿಯ ಸೀಟಿನ ಕೆಳಗೆ ಮತ್ತು ಏರ್ ಫಿಲ್ಟರ್ ಪೆಟ್ಟಿಗೆಯೊಳಗೆ ಇಲಿಗಳು ಗೂಡು ಕಟ್ಟುವುದು ಸಾಮಾನ್ಯ. ಅವು ತಂತಿಯ ಹೊದಿಕೆಯನ್ನು ಕಡಿದು ತಾಮ್ರವನ್ನು ಬರಿದು ಮಾಡಿರುತ್ತವೆ. ಗೂಡು ಕಂಡರೆ ಒಣಗಿದ್ದಂತೆಯೇ ಕೆದರಬೇಡಿ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು, ಕ್ರಿಮಿನಾಶಕ ಬೆರೆಸಿದ ನೀರು ಚಿಮುಕಿಸಿ ನೆನೆಸಿದ ಮೇಲೆಯೇ ತೆಗೆಯಿರಿ, ಏಕೆಂದರೆ ಇಲಿಯ ಮೂತ್ರ ಮತ್ತು ಹಿಕ್ಕೆಗಳಿಂದ ಗಂಭೀರ ರೋಗಗಳು ಹರಡುತ್ತವೆ.

ಹಳೆಗಾಲಿ:

ಭಾನುವಾರವೆಲ್ಲ ನೋಡುವುದರಲ್ಲೇ ಕಳೆಯಿತು, ಆದರೆ ವ್ಯರ್ಥವಾಗಲಿಲ್ಲ. ಎಡಬದಿಯ ಜಿಡ್ಡಿನ ಮೇಲಂಚು ಗೇರ್ ಲಿವರಿನ ಶಾಫ್ಟ್ ಹೊರಬರುವ ಜಾಗದಲ್ಲಿ ಮುಗಿಯುತ್ತದೆ. ಅದಕ್ಕಿಂತ ಮೇಲೆ ಲೋಹ ಒಣಗಿದೆ, ಸಿಲಿಂಡರ್ ಹೆಡ್ಡಿನ ಸುತ್ತ ಎಣ್ಣೆಯ ಗುರುತೇ ಇಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ನೀವು ಹೇಳಿದಂತೆ ಇಲಿಯ ಗೂಡಿತ್ತು. ಹೆಡ್‌ಲೈಟಿಗೆ ಹೋಗುವ ತಂತಿಯೊಂದನ್ನು ಎರಡು ಕಡೆ ಕಡಿದಿವೆ. ಸೈಲೆನ್ಸರಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು.

ಮಾವನವರು ಹೇಳಿದ್ದು ಇಷ್ಟು. ಕೊನೆಯ ವರ್ಷದಲ್ಲಿ ಗಾಡಿ 10-15 ನಿಮಿಷ ಚೆನ್ನಾಗಿ ಓಡಿ, ಶಕ್ತಿ ಕಳೆದುಕೊಂಡು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಒಂದೇ ಕಿಕ್ಕಿಗೆ ಸ್ಟಾರ್ಟಾಗುತ್ತಿತ್ತು. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಇಗ್ನಿಷನ್ ಕಾಯಿಲ್ ಬದಲಾಯಿಸಿದರು, ಕಂಡೆನ್ಸರ್ ಬದಲಾಯಿಸಿದರು, ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿಸಿದರು. ದೋಷ ಹೋಗಲಿಲ್ಲ. ರಾತ್ರಿ ಹೊತ್ತು ದಾರಿಯಲ್ಲಿ ಎರಡು ಬಾರಿ ಕೈಕೊಟ್ಟ ಮೇಲೆ ಅವರಿಗೆ ಅದರ ಮೇಲಿನ ನಂಬಿಕೆಯೇ ಹೋಯಿತು. ಬೇರೆ ದೋಷವೇನೂ ಇರಲಿಲ್ಲವಂತೆ. ಅದಕ್ಕೂ ಮುಂಚೆ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಹೊರಚೆಲ್ಲುತ್ತಿತ್ತು, ಅದನ್ನು ಸರಿಮಾಡಿಸಿದ್ದರು, ಅಷ್ಟೆ.

ಕೀಲೆಣ್ಣೆ:

ನಿಂತುಹೋಗುವ ದೋಷವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಎಂಜಿನ್ನು ತಿರುಗಿದ ಮೇಲೆ ಅದಕ್ಕೆ ಬರೋಣ. ಈಗ ಪಿಸ್ಟನ್ನಿನ ಕೆಲಸ.

ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಊದಿ ತೆಗೆದು, ಆಮೇಲೆ ಪ್ಲಗ್ ಬಿಚ್ಚಿ; ಇಲ್ಲವಾದರೆ ಆ ಮಣ್ಣು ನೇರವಾಗಿ ಸಿಲಿಂಡರಿನೊಳಗೆ ಬೀಳುತ್ತದೆ. ಎಂಜಿನ್ ಆಯಿಲ್ ಮತ್ತು ಡೀಸೆಲನ್ನು ಸಮಪಾಲು ಬೆರೆಸಿ 20-30 ಮಿಲಿಲೀಟರಿನಷ್ಟು ಪ್ಲಗ್ಗಿನ ರಂಧ್ರದಿಂದ ಒಳಗೆ ಬಿಟ್ಟು, ಎರಡು ದಿನ ಮುಟ್ಟದೆ ಬಿಡಿ. ಎಣ್ಣೆ ರಿಂಗುಗಳ ಸಂದಿಗೆ ಇಳಿಯಲು ಬೇಕಾದುದು ಸಮಯವೇ ಹೊರತು ಒತ್ತಡವಲ್ಲ. ಆಮೇಲೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲಿನ ಗೇರಿಗೆ ಹಾಕಿ, ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿ. ಮೇಲಿನ ಗೇರಿನಲ್ಲಿ ಚಕ್ರದ ಹಿಡಿತ ಎಂಜಿನ್ನಿನ ಮೇಲೆ ಚೆನ್ನಾಗಿ ಬೀಳುತ್ತದೆ, ಕೈಗೆ ಅಂಟಿನ ಅಂದಾಜೂ ಸಿಗುತ್ತದೆ. ಒಂದು ಮಿಲಿಮೀಟರ್ ಅಲುಗಾಡಿದರೂ ಅಂದಿಗೆ ಸಾಕು. ಇನ್ನಷ್ಟು ಎಣ್ಣೆ ಬಿಟ್ಟು ಮರುದಿನ ಮುಂದುವರಿಸಿ. ಪೂರ್ತಿ ತಿರುಗತೊಡಗಿದಾಗ ಪ್ಲಗ್ಗಿನ ರಂಧ್ರದಿಂದ ಎಣ್ಣೆ ಚಿಮ್ಮುತ್ತದೆ, ಅದರ ಮೇಲೊಂದು ಬಟ್ಟೆ ಹಾಕಿರಿ. ಚಕ್ರದಿಂದ ಎಂಜಿನ್ನು ಸರಾಗವಾಗಿ ತಿರುಗಿ ಕಿಕ್ಕರ್ ಮಾತ್ರ ಬಿಗಿಯಾಗಿದ್ದರೆ ದೋಷ ಕಿಕ್ಕಿನ ಯಂತ್ರಭಾಗದಲ್ಲಿದೆ ಎಂದರ್ಥ.

ಎಂಜಿನ್ ಆಯಿಲನ್ನೂ ಕೆಳಗಿಳಿಸಿ ಬಣ್ಣ ನೋಡಿ. ತುಂಬುವಾಗ ಕಾರುಗಳ ಆಯಿಲ್ ಹಾಕಬೇಡಿ. ನಿಮ್ಮ ಗಾಡಿಯ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಘರ್ಷಣೆ ಕಡಿಮೆ ಮಾಡುವ ರಾಸಾಯನಿಕಗಳಿರುವ ಎಣ್ಣೆಯಲ್ಲಿ ಪ್ಲೇಟುಗಳು ಜಾರುತ್ತವೆ. ಡಬ್ಬಿಯ ಮೇಲೆ ಜೇಸೋ ಎಂಎ ಎಂಬ ಗುರುತಿರಬೇಕು.

ಹಳೆಗಾಲಿ:

ಮೂರನೆಯ ದಿನ ಎರಡು ಮಿಲಿಮೀಟರಿನಷ್ಟು ಅಲುಗಾಡಿತು, ಐದನೆಯ ದಿನ ಪೂರ್ತಿ ಸುತ್ತಿತು. ಮೊದಲ ದಿನವೇ ಕಿಕ್ಕರ್ ಮೇಲೆ ನಿಂತಿದ್ದರೆ ಏನಾಗುತ್ತಿತ್ತೋ ಎಂದು ಈಗ ಭಯವಾಗುತ್ತದೆ. ಆಯಿಲ್ ಹಾಲು ಬೆರೆಸಿದಂತೆ ಬೂದುಬಣ್ಣಕ್ಕೆ ತಿರುಗಿತ್ತು. ಕ್ಲಚ್ ಲಿವರ್ ಹಿಡಿದರೂ ಚಕ್ರ ಬಿಡಿಸಿಕೊಳ್ಳುವುದಿಲ್ಲ. ಟ್ಯಾಂಕಿನ ತಳದಲ್ಲಿ ಕೆಂಪು ತುಕ್ಕು ಹಾಳೆಹಾಳೆಯಾಗಿ ಎದ್ದಿದೆ.

ಕೀಲೆಣ್ಣೆ:

ಆ ಬಣ್ಣ ನೀರಿನದು. ವರ್ಷಗಟ್ಟಲೆ ತೇವ ಒಳಗೆ ಹನಿಗಟ್ಟಿರುತ್ತದೆ. ಹೊಸ ಆಯಿಲ್ ತುಂಬಿ, ಎಂಜಿನ್ನು ಮೊದಲ ಸಲ ಬಿಸಿಯಾಗುವಷ್ಟು ಓಡಿದ ತಕ್ಷಣ ಅದನ್ನೂ ತೆಗೆದು ಮತ್ತೊಮ್ಮೆ ಹೊಸದನ್ನು ಹಾಕಿ. ಮೊದಲನೆಯದು ತೊಳೆಯಲಿಕ್ಕೆ, ಎರಡನೆಯದು ಓಡಿಸಲಿಕ್ಕೆ. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಲಿವರನ್ನು ಹಿಡಿಗೆ ಒತ್ತಿ ದಾರದಿಂದ ಕಟ್ಟಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗೇರಿನಲ್ಲಿ ಗಾಡಿಯನ್ನು ಹಿಂದೆ ಮುಂದೆ ಜಗ್ಗಿ ನೋಡಿ. ಬಿಡದಿದ್ದರೆ ಕವರ್ ಬಿಚ್ಚಿ ಪ್ಲೇಟುಗಳನ್ನು ಒಂದೊಂದಾಗಿ ಬೇರ್ಪಡಿಸಬೇಕಾಗುತ್ತದೆ, ಅದೇನೂ ಹೆದರುವ ಕೆಲಸವಲ್ಲ.

ಎರಡನೇ ಗೇರ್:

ಟ್ಯಾಂಕಿನ ವಿಷಯದಲ್ಲಿ ನಾನೊಂದು ಟ್ಯಾಂಕನ್ನೇ ಕಳೆದುಕೊಂಡು ಕಲಿತಿದ್ದರಿಂದ ವಿವರವಾಗಿ ಬರೆಯುತ್ತೇನೆ. ಬೇಗ ಮುಗಿಯಲೆಂದು ನಾನು ಹೈಡ್ರೋಕ್ಲೋರಿಕ್ ಆ್ಯಸಿಡ್ ಸುರಿದೆ. ತುಕ್ಕು ಹೋಯಿತು, ಅದರ ಜೊತೆಗೆ ಬೆಸುಗೆಯ ಅಂಚಿನಲ್ಲಿ ಸವೆದು ತೆಳುವಾಗಿದ್ದ ತಗಡೂ ಹೋಗಿ ಸೂಜಿಮೊನೆಯಷ್ಟು ರಂಧ್ರಗಳು ಬಿದ್ದವು. ಆ ಆ್ಯಸಿಡ್ಡಿನ ಹೊಗೆಗೆ ಅದೇ ಕೋಣೆಯಲ್ಲಿದ್ದ ನನ್ನ ಸ್ಪ್ಯಾನರುಗಳೆಲ್ಲ ಒಂದೇ ವಾರದಲ್ಲಿ ತುಕ್ಕು ಹಿಡಿದವು.

ಈಗ ನಾನು ಅನುಸರಿಸುವುದು ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನ. ಅದು ತುಕ್ಕನ್ನು ಮಾತ್ರ ಸಡಿಲಿಸುತ್ತದೆ, ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ಮೊದಲು ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಸೋಪಿನ ನೀರಿನಿಂದ ಹಲವು ಬಾರಿ ಕುಲುಕಿ ತೊಳೆದು, ವಾಸನೆ ಹೋಗುವವರೆಗೆ ಬಯಲಿನಲ್ಲಿ ಆರಲು ಬಿಡಿ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲಿನ ಆವಿ ದ್ರವ ಪೆಟ್ರೋಲಿಗಿಂತ ಅಪಾಯಕಾರಿ, ಆದ್ದರಿಂದ ಈ ಹಂತದಲ್ಲಿ ಆತುರ ಪಡಲೇಬೇಡಿ. ಆಮೇಲೆ ಕಾಕಿನ (ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿಯ) ರಂಧ್ರವನ್ನು ಮುಚ್ಚಿ, ಲೀಟರಿಗೆ ಒಂದು ಟೀ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಬಾಯಿತನಕ ತುಂಬಿಸಿ. ಒಂದು ಸಾಧಾರಣ ಕಬ್ಬಿಣದ ಸಲಾಕೆಯನ್ನು ಟ್ಯಾಂಕಿಗೆ ಎಲ್ಲಿಯೂ ತಾಗದಂತೆ ನೀರಿನೊಳಗೆ ಇಳಿಬಿಡಿ. ಬ್ಯಾಟರಿ ಚಾರ್ಜರಿನ ಪಾಸಿಟಿವ್ ತಂತಿ ಸಲಾಕೆಗೆ, ನೆಗೆಟಿವ್ ಟ್ಯಾಂಕಿಗೆ. ಇದು ಅದಲುಬದಲಾದರೆ ಸವೆಯುವುದು ಟ್ಯಾಂಕು. ಸ್ಟೇನ್‌ಲೆಸ್ ಸ್ಟೀಲಿನ ಸಲಾಕೆ ಬೇಡವೇ ಬೇಡ, ಅದರಿಂದ ವಿಷಕಾರಿಯಾದ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಇಳಿಯುತ್ತವೆ. ಕೆಲಸ ನಡೆಯುವಾಗ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಬಯಲಿನಲ್ಲಿ, ಕಿಡಿಯಿಂದ ದೂರದಲ್ಲಿ ಮಾಡಿ, ತಂತಿ ತೆಗೆಯುವ ಮುನ್ನ ಚಾರ್ಜರನ್ನು ಆರಿಸಿ. ಸಲಾಕೆಯ ಮೇಲೆ ಕೆಸರು ಕಟ್ಟಿದಾಗಲೆಲ್ಲ ಉಜ್ಜಿ ಮತ್ತೆ ಇಳಿಬಿಡಬೇಕು.

ಮುಗಿದ ಮೇಲೆ ನೀರನ್ನು ಚೆಲ್ಲಿ, ತೊಳೆದು, ಬಿಸಿಗಾಳಿಯಿಂದ ಕೂಡಲೇ ಒಣಗಿಸಿ. ಬರಿದಾದ ಉಕ್ಕು ತೇವದಲ್ಲಿ ನಿಮಿಷಗಳಲ್ಲೇ ಕೆಂಪಗಾಗುತ್ತದೆ. ಟ್ಯಾಂಕನ್ನು ಗಾಡಿಗೆ ಏರಿಸಲು ತಡವಾಗುವುದಾದರೆ ಒಳಗೆ ಸ್ವಲ್ಪ ಎಣ್ಣೆ ಹಾಕಿ ಎಲ್ಲ ಕಡೆ ಹರಡುವಂತೆ ತಿರುಗಿಸಿಡಿ. ಅಂತಿಮವಾಗಿ ಒಳಗೋಡೆಗೆ ರಕ್ಷಣೆಯ ಲೇಪನ ಹಾಕಿಬಿಟ್ಟರೆ ಮತ್ತೆ ತುಕ್ಕಿನ ಚಿಂತೆಯಿಲ್ಲ.

ಕೀಲೆಣ್ಣೆ:

ಲೇಪನದ ಮಾತೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಒಪ್ಪುತ್ತೇನೆ. ಟ್ಯಾಂಕಿನಲ್ಲಿ ರಂಧ್ರಗಳಿಲ್ಲದಿದ್ದರೆ ಲೇಪನ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಒಳಗೋಡೆಯ ಯಾವುದೋ ಕಾಣದ ಮೂಲೆಯಲ್ಲಿ ಜಿಡ್ಡೋ ತೇವವೋ ಉಳಿದಿದ್ದರೆ ಆ ಪದರ ಒಂದೆರಡು ವರ್ಷಗಳಲ್ಲಿ ಸಿಪ್ಪೆಯಂತೆ ಎದ್ದು ಬಂದು ಕಾಕಿನ ಬಾಯಿಗೆ ಅಡ್ಡಲಾಗಿ ಕೂರುತ್ತದೆ. ತುಂಬಿದ ಟ್ಯಾಂಕು, ಪೆಟ್ರೋಲ್ ಪೈಪಿನ ಮೇಲೊಂದು ಚಿಕ್ಕ ಫಿಲ್ಟರು, ಇಷ್ಟರಿಂದಲೇ ನನ್ನ ಗಾಡಿಗಳು ಚೆನ್ನಾಗಿವೆ.

ಟ್ಯಾಂಕಿನ ಕೆಲಸ ನಡೆಯುವ ದಿನಗಳಲ್ಲಿ ಕಾರ್ಬ್ಯುರೇಟರನ್ನು ಕೈಗೆತ್ತಿಕೊಳ್ಳಿ. ಪೆಟ್ರೋಲಿನಲ್ಲಿ ಹಗುರವಾಗಿರುವ ಭಾಗ ಆವಿಯಾಗಿ ಹೋಗಿ, ಉಳಿದ ಅಂಟು ಜೆಟ್ಟುಗಳಲ್ಲಿ, ಅಂದರೆ ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ರಂಧ್ರದ ತುಣುಕುಗಳಲ್ಲಿ, ಗಟ್ಟಿಯಾಗಿರುತ್ತದೆ. ಬಿಚ್ಚುವ ಮೊದಲು ಗಾಳಿಯ ತಿರುಪನ್ನು ಮೆಲ್ಲಗೆ ಒಳಕ್ಕೆ ಬಿಗಿದು ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿ ಬರೆದುಕೊಳ್ಳಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ ತಿರುಗಿಸಿದರೆ ಹೊಂದಾಣಿಕೆಗೆ ಒಂದು ನೆಲೆ ಸಿಗುತ್ತದೆ. ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲು ನಿಲ್ಲುವ ಬೌಲಿನ ತಿರುಪುಗಳು ಮೆತ್ತಗಿನ ಲೋಹದವು. ಜಪಾನಿನ ಗಾಡಿಗಳಲ್ಲಿ ಅವುಗಳ ತಲೆಯ ಅಡ್ಡಗೀರು ಸಾಮಾನ್ಯ ಫಿಲಿಪ್ಸ್ ಅಳತೆಯದಲ್ಲ, ಆ ದೇಶದ ಜೆಐಎಸ್ ಮಾನದ್ದು. ನೋಡಲು ಒಂದೇ ಬಗೆ, ಆದರೆ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಹಳೆಯ ಎಂಜಿನ್ನುಗಳ ಮೇಲೆ ಕಾಣುವ ಸವೆದ ತಿರುಪುಗಳಲ್ಲಿ ಎಷ್ಟೋ ಹೀಗೆ ಹಾಳಾದವು.

ಒಳಗೆ ಎರಡು ಮುಖ್ಯ ಜೆಟ್ಟುಗಳಿವೆ. ನಿಧಾನ ಓಟಕ್ಕೆ ಬೇಕಾದ ಪೈಲಟ್ ಜೆಟ್ಟಿನ ರಂಧ್ರ ತೀರಾ ಸಣ್ಣದು, ಎಲ್ಲಕ್ಕಿಂತ ಮೊದಲು ಮುಚ್ಚಿಹೋಗುವುದೂ ಅದೇ. ಆ ರಂಧ್ರಕ್ಕೆ ಉಕ್ಕಿನ ತಂತಿ, ಸೂಜಿ, ಪಿನ್ನು ಯಾವುದನ್ನೂ ತೂರಿಸಬೇಡಿ. ಜೆಟ್ಟು ಹಿತ್ತಾಳೆಯದು; ರಂಧ್ರ ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ ಪೆಟ್ರೋಲು ಹೆಚ್ಚಾಗಿ ಹರಿದು ಪ್ಲಗ್ಗು ಕಪ್ಪಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ದುಂಡಗಿನ ಬೆಳಕು ಕಾಣುವವರೆಗೆ ಇದನ್ನೇ ಮಾಡುತ್ತಿರಿ. ತೀರಾ ಬಿಡದಿದ್ದರೆ ವಿದ್ಯುತ್ ತಂತಿಯೊಳಗಿನ ಒಂದೇ ಒಂದು ತಾಮ್ರದ ಎಳೆಯನ್ನು, ಅದು ಹಿತ್ತಾಳೆಗಿಂತ ಮೆದುವಾದ್ದರಿಂದ, ಎಚ್ಚರಿಕೆಯಿಂದ ಬಳಸಬಹುದು. ಜೆಟ್ಟುಗಳಷ್ಟೇ ಅಲ್ಲದೆ ಕಾರ್ಬ್ಯುರೇಟರ್ ದೇಹದೊಳಗಿನ ಪ್ರತಿಯೊಂದು ದಾರಿಯಿಂದಲೂ ಕ್ಲೀನರ್ ಚಿಮ್ಮಿಸಿ, ಅದು ಇನ್ನೊಂದು ತುದಿಯಲ್ಲಿ ಹೊರಬರುವುದನ್ನು ಕಣ್ಣಾರೆ ನೋಡಬೇಕು. ರಬ್ಬರಿನ ಭಾಗಗಳನ್ನು ಮಾತ್ರ ಕ್ಲೀನರಿಗೆ ತಾಗಿಸಬೇಡಿ. ಬೌಲಿನ ಪೆಟ್ರೋಲಿನಲ್ಲಿ ತೇಲುವ ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಪೆಟ್ರೋಲು ಕುಲುಕುವ ಸದ್ದು ಬಂದರೆ ಅದು ತೂತಾಗಿದೆ.

ತಾಮ್ರತಂತಿ:

ಪಾಯಿಂಟುಗಳ ಮೇಲೆ ಇಷ್ಟು ವರ್ಷಗಳಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ, ಆದ್ದರಿಂದ ಸವೆತವಿಲ್ಲದಿದ್ದರೂ ಕಿಡಿ ಬರುವುದಿಲ್ಲ. ಅತಿ ನಯವಾದ ಎಮೆರಿ ಕಾಗದದಿಂದ ಎರಡು ಮೂರು ಬಾರಿ ಉಜ್ಜಿ, ಆಮೇಲೆ ಶುಭ್ರವಾದ ದಪ್ಪ ಕಾಗದವನ್ನು ನಡುವೆ ಇಟ್ಟು ಎಳೆಯಿರಿ, ಏಕೆಂದರೆ ಎಮೆರಿಯ ಒಂದೇ ಒಂದು ಕಣ ಉಳಿದರೂ ಪಾಯಿಂಟು ಮುಚ್ಚಿಕೊಳ್ಳುವುದಿಲ್ಲ. ಪೂರ್ತಿ ತೆರೆದಾಗ ಅಂತರ ಬಹುತೇಕ ಗಾಡಿಗಳಲ್ಲಿ 0.35ರಿಂದ 0.4 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ ಹಿಡಿಯಿರಿ, ಆದರೆ ತೆರೆದ ಪ್ಲಗ್ ರಂಧ್ರದಿಂದ ದೂರವಿರಲಿ. ಅಲ್ಲಿಂದ ಪೆಟ್ರೋಲಿನ ಆವಿ ಹೊರಬಂದರೆ ಅದೇ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಎರಡನೇ ಗೇರ್:

ಎಂಜಿನ್ನಿಗೆ ಜೀವ ಬರುವ ಮೊದಲೇ ಬ್ರೇಕು, ಟಯರು ಮುಗಿಸಿಬಿಡಿ ಎಂದು ಬೇಡಿಕೊಳ್ಳುತ್ತೇನೆ. ಎಂಜಿನ್ನು ಸ್ಟಾರ್ಟಾದ ಸಂತೋಷದಲ್ಲಿ ಒಂದು ಸುತ್ತು ಹೋಗಿಬರೋಣ ಎನಿಸದವರು ಯಾರೂ ಇಲ್ಲ, ನನಗೆ ಹಾಗೆನಿಸಿದ ದಿನ ಮುಂದಿನ ಬ್ರೇಕು ಹಿಡಿಯಲಿಲ್ಲ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2309 ಎಂದಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದುದು. ಮೂರೇ ಅಂಕಿಗಳಿದ್ದರೆ 2000ಕ್ಕಿಂತ ಹಿಂದಿನದು. ನಿಮ್ಮ ಟಯರಿನ ಹಲ್ಲು ಎಷ್ಟೇ ಆಳವಾಗಿ ಕಂಡರೂ 11 ವರ್ಷ ಹಳೆಯ, ಅದರಲ್ಲೂ ಗಾಳಿಯಿಲ್ಲದೆ ಮಡಿಚಿ ನಿಂತ ರಬ್ಬರನ್ನು ನಂಬುವಂತಿಲ್ಲ. ಟ್ಯೂಬನ್ನೂ ಜೊತೆಯಲ್ಲೇ ಬದಲಾಯಿಸಿ.

ಡಿಸ್ಕ್ ಬ್ರೇಕಿನ ದ್ರವ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಆ ನೀರಿನಿಂದ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿಸ್ಟನ್ನು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ, ಬಿಸಿಯಾದಾಗ ನೀರು ಕುದಿದು ಲಿವರ್ ಟೊಳ್ಳಾಗುತ್ತದೆ. ಪಿಸ್ಟನ್ನನ್ನು ಹೊರತರಲು ಗಾಳಿಯ ಒತ್ತಡ ಬಳಸಬೇಡಿ, ಅದು ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಬ್ರೇಕ್ ಲಿವರನ್ನೇ ಒತ್ತುತ್ತಾ ನಿಧಾನವಾಗಿ ಹೊರಕ್ಕೆ ತನ್ನಿ. ಸೀಲುಗಳು, ರಬ್ಬರ್ ಹೋಸು, ದ್ರವ ಮೂರೂ ಹೊಸದಾಗಲಿ. ದ್ರವದ ದರ್ಜೆ ಬ್ರೇಕ್ ದ್ರವದ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಸಿಲಿಕೋನಿನ ಡಾಟ್ 5 ದ್ರವವನ್ನು ಡಾಟ್ 3 ಅಥವಾ ಡಾಟ್ 4ರ ಜೊತೆ ಬೆರೆಸಬಾರದು. ಡಾಟ್ 3, ಡಾಟ್ 4 ದ್ರವ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ. ಹಿಂದಿನ ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಹಳೆಗಾಲಿ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಲೆ ಹೇಳಿದ್ದೆಲ್ಲವೂ ಮುಗಿದಿದೆ. ಕ್ಲಚ್ಚು ದಾರ ಕಟ್ಟಿದ ಎರಡನೆಯ ರಾತ್ರಿ ಬಿಟ್ಟಿತು. ಟ್ಯಾಂಕಿನ ಕೆಲಸ ಇನ್ನೂ ನಡೆದಿದ್ದಾಗಲೇ, ಹ್ಯಾಂಡಲಿಗೆ ತೂಗುಹಾಕಿದ ಒಂದು ಬಾಟಲಿಯಿಂದ ಪೈಪಿನಲ್ಲಿ ಪೆಟ್ರೋಲು ಬಿಟ್ಟು, ಬಯಲಿನಲ್ಲಿ ನಿಲ್ಲಿಸಿ, ಕಿಕ್ ಮಾಡಿದೆ. ಏಳನೆಯ ಕಿಕ್ಕಿಗೆ ಎಂಜಿನ್ನು ಮಾತಾಡಿತು. ಒಳಗೆ ಬಿಟ್ಟಿದ್ದ ಎಣ್ಣೆಯೆಲ್ಲ ಉರಿದು ಐದು ನಿಮಿಷ ಬಿಳಿ ಹೊಗೆ ಬಂತು, ಆಮೇಲೆ ತಿಳಿಯಾಯಿತು. ಮಾವನವರು ಬಾಗಿಲಲ್ಲಿ ನಿಂತು ಏನೂ ಹೇಳದೆ ಕೇಳುತ್ತಿದ್ದರು. ಎದುರಿಗೊಂದು ದೊಡ್ಡ ಫ್ಯಾನ್ ಇಟ್ಟುಕೊಂಡು ಎರಡು ಸಲ 20 ನಿಮಿಷಗಳಷ್ಟು ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ.

ನಿನ್ನೆ ಟ್ಯಾಂಕು ಏರಿಸಿ ಮೊದಲ ಬಾರಿಗೆ ಓಡಿಸಿದೆ. 12 ನಿಮಿಷ ಚೆನ್ನಾಗಿ ಓಡಿ, ಉಸಿರು ಕಟ್ಟಿದಂತಾಗಿ ನಿಂತುಹೋಯಿತು. ಅರ್ಧ ಗಂಟೆಯ ಮೇಲೆ ಒಂದೇ ಕಿಕ್ಕಿಗೆ ಎದ್ದಿತು. ಮಾವನವರ ಕಾಲದ ದೋಷ ಹಾಗೆಯೇ ಕಾದು ಕುಳಿತಿದೆ.

ತಾಮ್ರತಂತಿ:

ಬಿಸಿಯಾದಾಗ ಸತ್ತು ತಣಿದಾಗ ಬದುಕುವುದು ಕಾಯಿಲಿನ ಸ್ವಭಾವ. ಒಳಗಿನ ಸುರುಳಿಯಲ್ಲಿ ಎಲ್ಲೋ ಸಣ್ಣ ಬಿರುಕಿದ್ದರೆ ಶಾಖಕ್ಕೆ ಅದು ಅಗಲವಾಗಿ ಸಂಪರ್ಕ ತಪ್ಪುತ್ತದೆ. ಅವರು ಬದಲಾಯಿಸಿದ ಕಾಯಿಲೂ ಈಗ 11 ವರ್ಷ ಹಳೆಯದು. ಅದನ್ನು ಮೊದಲು ನೋಡಿ.

ಕೀಲೆಣ್ಣೆ:

ತಾಮ್ರತಂತಿಯವರೇ, ಅದೇ ಕಾಯಿಲಿನಿಂದ ಬಾಟಲಿಯ ಪೆಟ್ರೋಲಿನಲ್ಲಿ 20 ನಿಮಿಷ ಎರಡು ಸಲ ಓಡಿದೆ. ಬದಲಾದುದು ಟ್ಯಾಂಕು ಮಾತ್ರ.

ತಾಮ್ರತಂತಿ:

ಫ್ಯಾನಿನ ಮುಂದೆ ಭಾರವಿಲ್ಲದೆ ತಿರುಗುವುದಕ್ಕೂ ಸವಾರನನ್ನು ಹೊತ್ತು ಓಡುವುದಕ್ಕೂ ಶಾಖದಲ್ಲಿ ವ್ಯತ್ಯಾಸವಿದೆಯಲ್ಲವೇ? ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ವಾದಕ್ಕಿಂತ ಪರೀಕ್ಷೆ ಒಳ್ಳೆಯದು. ಹಳೆಗಾಲಿಯವರು ಒಂದು ಬಿಡಿ ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಗಾಡಿ ನಿಂತ ಕೂಡಲೇ ಅದಕ್ಕೆ ತಂತಿ ಸಿಕ್ಕಿಸಿ ಕಿಡಿ ನೋಡಲಿ.

ಕೀಲೆಣ್ಣೆ:

ಅದಾದ ಮೇಲೆ, ಬೇರೇನನ್ನೂ ಮುಟ್ಟದೆ, ಕಾರ್ಬ್ಯುರೇಟರ್ ಬೌಲಿನ ಕೆಳಗಿನ ತಿರುಪನ್ನು ಸಡಿಲಿಸಿ ಒಂದು ಡಬ್ಬಿಗೆ ಪೆಟ್ರೋಲು ಹಿಡಿಯಿರಿ. ಕಾಕು ತೆರೆದಿದ್ದರೂ ಅದು ನಾಲ್ಕು ಹನಿ ಬಿದ್ದು ನಿಂತುಬಿಟ್ಟರೆ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತೆರೆದು ಕಿವಿಗೊಡಿ. ಪೆಟ್ರೋಲು ಕೆಳಗಿಳಿದಷ್ಟು ಗಾಳಿ ಮೇಲಿನಿಂದ ಟ್ಯಾಂಕಿಗೆ ಬರಬೇಕು, ಅದಕ್ಕಾಗಿ ಮುಚ್ಚಳದಲ್ಲೊಂದು ಸಣ್ಣ ರಂಧ್ರವಿರುತ್ತದೆ. ಮುಚ್ಚಳದಿಂದ ಪೆಟ್ರೋಲು ಚೆಲ್ಲುವುದನ್ನು ಸರಿಮಾಡಿಸಿದ್ದರು ಎಂದು ನೀವು ಮೊದಲ ವಾರವೇ ಬರೆದಿದ್ದಿರಿ. ಅದನ್ನು ನಾನು ಅಂದೇ ಹಿಡಿಯಬೇಕಾಗಿತ್ತು, ಓದಿಯೂ ದಾಟಿಹೋದೆ.

ಹಳೆಗಾಲಿ:

ಇಂದು ಬೆಳಿಗ್ಗೆ ಹಾಗೆಯೇ ಮಾಡಿದೆ. 11 ನಿಮಿಷಕ್ಕೆ ನಿಂತಿತು. ಕಿಡಿ ನೀಲಿಯಾಗಿ, ಗಟ್ಟಿಯಾಗಿ ಬಂತು. ಬೌಲಿನಿಂದ ಎರಡು ಮೂರು ಹನಿ ಬಿದ್ದು ನಿಂತವು. ಮುಚ್ಚಳವನ್ನು ಕಾಲುಸುತ್ತು ತಿರುಗಿಸಿದ್ದೇ ತಡ, ಸುಯ್ಯೆಂದು ಗಾಳಿ ಒಳಕ್ಕೆ ನುಗ್ಗಿತು, ಕೆಳಗಿನ ಡಬ್ಬಿಗೆ ಪೆಟ್ರೋಲು ಧಾರೆಯಾಗಿ ಇಳಿಯಿತು.

ಮುಚ್ಚಳವನ್ನು ತಿರುವಿಹಾಕಿ ನೋಡಿದರೆ, ಒಳಗಿರುವ ಗ್ಯಾಸ್ಕೆಟ್ ಕಂಪನಿಯದಲ್ಲ. ಯಾರೋ ದಪ್ಪ ರಬ್ಬರ್ ಹಾಳೆಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಕೂರಿಸಿದ್ದಾರೆ. ಪೆಟ್ರೋಲು ಚೆಲ್ಲುವುದು ನಿಂತಿದೆ, ಗಾಳಿಯ ರಂಧ್ರವೂ ಅದರ ಕೆಳಗೆ ಪೂರ್ತಿ ಮುಚ್ಚಿದೆ. ಅದನ್ನು ಮಾವನವರ ಕೈಗೆ ಕೊಟ್ಟೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟಕ್ಕೇ ನಿಲ್ಲಿಸಿದೆನೇ?" ಎಂದರು. ಸರಿಯಾದ ಗ್ಯಾಸ್ಕೆಟ್ ಹಾಕಿ, ಮುಚ್ಚಳದ ಮೂಲಕ ಬಾಯಿಂದ ಊದಿ ಗಾಳಿ ದಾಟುವುದನ್ನು ಖಚಿತಪಡಿಸಿಕೊಂಡು, ಸಂಜೆ ಒಂದು ಗಂಟೆ ಹತ್ತು ನಿಮಿಷ ಓಡಿಸಿದೆ. ನಿಲ್ಲಲಿಲ್ಲ. ಹಿಂದೆ ಕುಳಿತಿದ್ದವರು ಮಾವನವರು.

ಈಗಲಾದರೂ ತೊಳೆಯಬಹುದೇ?

ಕೀಲೆಣ್ಣೆ:

ಈಗ ಧಾರಾಳವಾಗಿ ತೊಳೆಯಿರಿ. ಎಂಜಿನ್ನು ತಣ್ಣಗಿರುವಾಗ ಸೈಲೆನ್ಸರಿನ ಬಾಯಿ, ಏರ್ ಫಿಲ್ಟರಿನ ಬಾಯಿ, ಕಾಯಿಲು ಇವನ್ನು ಪ್ಲಾಸ್ಟಿಕ್ ಕಟ್ಟಿ ಮುಚ್ಚಿ. ಜಿಡ್ಡಿಗೆ ಸೀಮೆಎಣ್ಣೆ ಮತ್ತು ಬ್ರಷ್ಷು, ಆಮೇಲೆ ಸೋಪಿನ ನೀರು, ಕೊನೆಗೆ ಒತ್ತಡವಿಲ್ಲದ ಪೈಪಿನ ನೀರು. ಸೀಮೆಎಣ್ಣೆ ಬ್ರೇಕಿನ ಡಿಸ್ಕಿಗೆ, ಟಯರಿಗೆ ತಾಗದಿರಲಿ. ಅಲ್ಯೂಮಿನಿಯಂ ಭಾಗಗಳಿಗೆ ಕಾಸ್ಟಿಕ್ ಸೋಡಾ ಇರುವ ಯಾವ ದ್ರಾವಣವನ್ನೂ ಹಾಕಬೇಡಿ, ಅದು ಲೋಹವನ್ನೇ ಕರಗಿಸಿ ಕಪ್ಪಾಗಿಸುತ್ತದೆ. ಕ್ರೋಮಿನ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅದು ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಟ್ಯಾಂಕಿನ ಬಣ್ಣವನ್ನು ಕೆರೆದು ಹೊಸದು ಹೊಡೆಸುವ ಯೋಚನೆ ಇದ್ದರೆ ಒಂದು ವರ್ಷ ಮುಂದೂಡಿ ಎಂಬುದು ನನ್ನ ಪ್ರಾರ್ಥನೆ. ನಿಮ್ಮ ಮಾವನವರ ಮೊಣಕಾಲು ತಾಗಿ ಮಾಸಿದ ಜಾಗವನ್ನು ಯಾವ ಪೇಂಟರೂ ಮತ್ತೆ ತಂದುಕೊಡಲಾರ.

ತೊಳೆದು ಒಣಗಿದ ಮೇಲೆ ಎಂಜಿನ್ನಿನ ಎಡಬದಿಗೆ ಟಾಲ್ಕಂ ಪೌಡರ್ ಉದುರಿಸಿ ಕಾಲು ಗಂಟೆ ಓಡಿಸಿ. ಎಣ್ಣೆ ಎಲ್ಲಿಂದ ಬರುತ್ತದೋ ಅಲ್ಲಿ ಪೌಡರ್ ಮೊದಲು ಕಪ್ಪಾಗುತ್ತದೆ.

ಹಳೆಗಾಲಿ:

ಪೌಡರ್ ಕಪ್ಪಾದುದು ಗೇರ್ ಶಾಫ್ಟಿನ ಸುತ್ತಲೇ, ಮೊದಲ ಭಾನುವಾರ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದ ಅದೇ ಜಾಗದಲ್ಲಿ. ಹಳೆಯ ಸೀಲನ್ನು ಹೊರತೆಗೆದಿದ್ದೇನೆ. ರಬ್ಬರಿನ ತುಟಿ ಕಲ್ಲಿನಂತೆ ಗಟ್ಟಿಯಾಗಿದೆ. ಅದರ ಮುಖದ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರುವುದರಿಂದ ಹೊಸದನ್ನು ಹುಡುಕುವುದು ಕಷ್ಟವಾಗಲಾರದು. ಸೀಲು ಕೈಗೆ ಬರುವವರೆಗೆ ಚೈನನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ.